ಮಳೆಗಾಲದ ಉಬ್ಬಸ: ದಿನಾ ಪಂಪು ಬೇಕಾ? ಬಚ್ಚಲ ಒಲೆಗೆ ಏನು ಮಾಡೋದು?

ಸೋಗೆಮನೆ (ಶಿರಸಿ ತಾಲೂಕು) ಕೇಳಿದ್ದು:

ಮನೆ ಇರೋದು ದೇವಿಮನೆ ಘಟ್ಟದ ಈಚೆ, ಶಿರಸಿ ಪೇಟೆಯಿಂದ 24 ಕಿ.ಮೀ. ಒಳಗೆ. ಇಬ್ಬರಿಗೆ ಅಸ್ತಮಾ ಅಂದಿದ್ದಾರೆ.

ಒಬ್ಬಳು ಅಣ್ಣನ ಮಗಳು, 9 ವರ್ಷ. ಮಳೆ ಹಿಡಿದ ಮೇಲೆ ರಾತ್ರಿ ಎರಡು-ಮೂರು ಗಂಟೆಗೆ ಕೆಮ್ಮು, ಎದೆಯಲ್ಲಿ ಸುಂಯ್ ಸುಂಯ್. ಬೆಳಗಾದರೆ ಏನೂ ಆಗದ ಹಾಗೆ ಶಾಲೆಗೆ ಹೊರಡ್ತಾಳೆ. ಡಾಕ್ಟರು ಸಾಲ್ಬುಟಮಾಲ್ ಪಂಪು (ಇನ್ಹೇಲರ್) ಮತ್ತು ಬುಡೆಸೊನೈಡ್ 100ರ ಪುಡಿ ಕ್ಯಾಪ್ಸೂಲು (ಬೆಳಿಗ್ಗೆ ಒಂದು, ರಾತ್ರಿ ಒಂದು, ರೋಟಾಹೇಲರ್ ಅನ್ನೋ ಪುಡಿ ಎಳೆಯುವ ಸಾಧನದಲ್ಲಿ) ಕೊಟ್ಟರು. ಮೂರು ವಾರಕ್ಕೆ ಕೆಮ್ಮು ನಿಂತಿತು, ನಿಲ್ಲಿಸಿದೆವು. ಚೌತಿ ಹೊತ್ತಿಗೆ ಮತ್ತೆ ಶುರು.

ಇನ್ನೊಬ್ಬರು ಅಪ್ಪಯ್ಯ, 64 ವರ್ಷ. ಬೀಡಿ ಬಿಟ್ಟು ಹತ್ತು ವರ್ಷ ಆಯ್ತು, ಕವಳ (ಎಲೆ-ಅಡಿಕೆ) ಬಿಟ್ಟಿಲ್ಲ. ದಮ್ಮು ಬಂದಾಗ ಗುಳಿಗೆ ತಗೋತಾರೆ, "ಪಂಪು ಚಟ ಹತ್ತುತ್ತದೆ" ಅಂತಾರೆ.

ಕೇಳಬೇಕಾಗಿದ್ದು ಇಷ್ಟು. ಇದು ನಿಜವಾಗಿ ಇಷ್ಟು ಜನಕ್ಕೆ ಇರ್ತದಾ, ಅಥವಾ ಕೆಮ್ಮಿದವರಿಗೆಲ್ಲ ಈಗ ಅಸ್ತಮಾ ಅಂತಾರಾ? ಗುಣವಾದ ಮೇಲೂ ಔಷಧಿ ಯಾಕೆ? ಹಳೇ ಮನೆ, ಬೂಷ್ಟು, ಬಚ್ಚಲ ಹೊಗೆ ಇದ್ದಲ್ಲಿ ಏನು ಮಾಡಬೇಕು? ರಾತ್ರಿ ಜೋರಾದರೆ ಆಂಬ್ಯುಲೆನ್ಸ್ ಬರಲಿಕ್ಕೆ ಒಂದು ಗಂಟೆ ಮೇಲೆ ಬೇಕು, ಕರೆಂಟು ಇರೋದು ಅದೃಷ್ಟ. ನೆಬ್ಯುಲೈಸರ್ (ಔಷಧಿಯನ್ನು ಮಂಜು ಮಾಡಿ ಕೊಡುವ ಕರೆಂಟಿನ ಯಂತ್ರ) ತಗೊಳ್ಳಬೇಕಾ?

—

ಶ್ವಾಸನೋಟ:

ಇರ್ತದೆ. 2019ರ ಅಂದಾಜಿನಲ್ಲಿ ಜಗತ್ತಿನಲ್ಲಿ ಸುಮಾರು 26 ಕೋಟಿ ಜನರಿಗೆ ಅಸ್ತಮಾ, ಆ ಒಂದೇ ವರ್ಷ ಅದರಿಂದ ಸತ್ತವರು ನಾಲ್ಕೂವರೆ ಲಕ್ಷ ದಾಟಿದ್ದಾರೆ. ಭಾರತದಲ್ಲಿ ಸುಮಾರು 3.4 ಕೋಟಿ. ಜಗತ್ತಿನ ರೋಗಿಗಳಲ್ಲಿ ನಮ್ಮ ಪಾಲು ಶೇ. 13ರ ಆಸುಪಾಸು, ಸಾವಿನಲ್ಲಿ ಮಾತ್ರ ಶೇ. 40ಕ್ಕಿಂತ ಹೆಚ್ಚು. ಈ ಎರಡನೇ ಅಂಕಿ ನೋಡಿದರೆ ಸಿಟ್ಟು ಬರಬೇಕು. ಎದೆಗೆ ಹೋಗಬೇಕಾದ ಔಷಧಿ ಗುಳಿಗೆಯಾಗಿ ಹೊಟ್ಟೆಗೆ ಹೋಗ್ತದೆ. "ಶೀತದ ಮೈ", "ಕಫ" ಅನ್ನುತ್ತಾ ವರ್ಷಗಳು ಕಳೀತವೆ. ಹೆಣ್ಣುಮಕ್ಕಳಾದರೆ ಮದುವೆಗೆ ತೊಡಕಾದೀತೆಂದು ರೋಗದ ಹೆಸರನ್ನೇ ಯಾರೂ ಎತ್ತುವುದಿಲ್ಲ.

ಹುಡುಗಿಯದು ಕೇಳಿದರೆ ಅಸ್ತಮಾದ ಚಹರೆಯೇ: ಬಂದು ಹೋಗುವ ಕೆಮ್ಮು, ರಾತ್ರಿ-ಬೆಳಗಿನ ಜಾವ ಜಾಸ್ತಿ, ಸಿಳ್ಳೆ ಸದ್ದು, ಮಳೆಗಾಲದ ನಂಟು. ಆದರೂ ಅಳೆದು ನೋಡುವುದು ಒಳ್ಳೆಯದು. ಸ್ಪೈರೋಮೆಟ್ರಿ ಅಂದರೆ ಕೊಳವೆಗೆ ಊದಿಸುವ ಪರೀಕ್ಷೆ. ಒಮ್ಮೆ ಊದಿಸಿ, ಸಾಲ್ಬುಟಮಾಲ್ ಕೊಟ್ಟು, 15 ನಿಮಿಷ ಬಿಟ್ಟು ಮತ್ತೆ ಊದಿಸುತ್ತಾರೆ. ದೊಡ್ಡವರಲ್ಲಿ ಮೊದಲ ಸೆಕೆಂಡಿನ ಉಸಿರು ಶೇ. 12 ಮತ್ತು 200 ಮಿ.ಲೀ. ಮೀರಿ ಏರಿದರೆ ಅಸ್ತಮಾ ಕಡೆ ವಾಲುತ್ತದೆ. ಕಾರವಾರದ ಮೆಡಿಕಲ್ ಕಾಲೇಜಿಗೋ ಹುಬ್ಬಳ್ಳಿಗೋ ಹೋಗುವ ಮುಂಚೆ ಆ ದಿನ ಪರೀಕ್ಷೆ ಮಾಡುತ್ತಾರೋ ಅಂತ ಫೋನಿನಲ್ಲಿ ಕೇಳಿಕೊಳ್ಳಿ.

ಅಷ್ಟರೊಳಗೆ ಒಂದು ಪೀಕ್ ಫ್ಲೋ ಮೀಟರ್ (ಉಸಿರು ಎಷ್ಟು ಜೋರಾಗಿ ಹೊರಬರುತ್ತದೆ ಅಂತ ಅಳೆಯುವ ಸಾಧನ) ತನ್ನಿ. ಮುಳ್ಳನ್ನು ಸೊನ್ನೆಗೆ ತಂದು, ನಿಂತುಕೊಂಡು, ಎದೆ ತುಂಬ ಉಸಿರೆಳೆದು, ತುಟಿ ಬಿಗಿದು ಒಂದೇ ಸಲಕ್ಕೆ ಜೋರಾಗಿ ಊದಬೇಕು, ದೀಪ ಆರಿಸಿದ ಹಾಗೆ. ಮೂರು ಸಲ ಊದಿಸಿ ಹೆಚ್ಚಿನದನ್ನು ಬರೆದಿಡಿ. ಬೆಳಿಗ್ಗೆ, ಸಂಜೆ, ಎರಡು ವಾರ. ಸಂಜೆ 250 ಇದ್ದದ್ದು ಬೆಳಿಗ್ಗೆ 200 ಬಂದರೆ ವ್ಯತ್ಯಾಸ 50, ಸರಾಸರಿ 225, ಅಂದರೆ ಶೇ. 22. ಎರಡು ವಾರದ ಇಂಥ ಏರುಪೇರಿನ ಸರಾಸರಿ ಮಕ್ಕಳಲ್ಲಿ ಶೇ. 13, ದೊಡ್ಡವರಲ್ಲಿ ಶೇ. 10 ಮೀರಿದರೆ ಸಂಶಯ ಗಟ್ಟಿ.

ಅಪ್ಪಯ್ಯನವರ ಲೆಕ್ಕ ಬೇರೆ. ಬೀಡಿ ಮತ್ತು ಒಲೆ ಹೊಗೆಯಿಂದ ಬರುವ ಸಿಒಪಿಡಿ (ಉಸಿರ್ನಾಳ ಕಾಯಂ ಕಿರಿದಾಗುವ ಶ್ವಾಸಕೋಶದ ರೋಗ) ಕೂಡ ದಮ್ಮೇ, ಆದರೆ ಅದು ಅಸ್ತಮಾದ ಹಾಗೆ ಬಂದು ಪೂರ್ತಿ ಹೋಗುವುದಿಲ್ಲ, ಔಷಧಿಯ ಕ್ರಮವೂ ಬೇರೆ. ಹೃದಯದ ತೊಂದರೆಯಲ್ಲೂ ರಾತ್ರಿ ದಮ್ಮು ಹತ್ತುತ್ತದೆ. ಎರಡು ವಾರ ಮೀರಿದ ಕೆಮ್ಮಿದ್ದರೆ ಕಫ ಪರೀಕ್ಷೆ ಮಾಡಿಸಿ ಕ್ಷಯ ಅಲ್ಲ ಅಂತ ಖಾತ್ರಿ ಮಾಡಿಕೊಳ್ಳಲೇಬೇಕು. ಇಬ್ಬರಿಗೂ ಒಂದೇ ಪಂಪು ಹಂಚಬೇಡಿ.

—

ಮದ್ದಿನಂಗಡಿ_ಕುಮಟಾ:

ಮೂರು ವಾರಕ್ಕೆ ನಿಲ್ಲಿಸಿದ್ದೇ ಎಡವಟ್ಟು. ಎರಡು ಔಷಧಿಯ ಕೆಲಸ ಎರಡು ಥರ. ಸಾಲ್ಬುಟಮಾಲ್ ಉಸಿರ್ನಾಳದ ಸುತ್ತಲಿನ ಸ್ನಾಯುವಿನ ಬಿಗಿ ಬಿಡಿಸುತ್ತದೆ, ಐದು ನಿಮಿಷದಲ್ಲಿ ಹಾಯೆನಿಸುತ್ತದೆ, ನಾಲ್ಕಾರು ತಾಸಿಗೆ ಮುಗಿಯಿತು. ಬುಡೆಸೊನೈಡ್ ಎಳೆಯುವ ಸ್ಟಿರಾಯ್ಡ್, ಒಳಗೋಡೆಯ ಊತ ಇಳಿಸುತ್ತದೆ, ನಿಧಾನಕ್ಕೆ, ವಾರಗಟ್ಟಲೆ. ಕೆಮ್ಮು ನಿಂತ ದಿನ ಊತ ಇನ್ನೂ ಉಳಿದೇ ಇರುತ್ತದೆ. ಕನಿಷ್ಠ 3 ತಿಂಗಳು ಪೂರ್ತಿ ಹಿಡಿತದಲ್ಲಿದ್ದರೆ ಡಾಕ್ಟರೇ ಪ್ರಮಾಣ ಇಳಿಸುತ್ತಾರೆ. ಇಳಿಸುವ ಯೋಚನೆಯನ್ನು ಜೂನಿನಲ್ಲಿ ಮಾಡಬೇಡಿ.

ಹಿಡಿತದಲ್ಲಿದೆಯೋ ಅಂತ ತಿಳಿಯಲು ಹಿಂದಿನ 4 ವಾರ ನೆನಪಿಸಿಕೊಳ್ಳಿ. ಹಗಲಲ್ಲಿ ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚು ತೊಂದರೆ ಆಯ್ತಾ? ಒಂದು ರಾತ್ರಿಯಾದರೂ ಎದ್ದು ಕೂರಬೇಕಾಯ್ತಾ? ಸಾಲ್ಬುಟಮಾಲ್ ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚು ಬೇಕಾಯ್ತಾ? ಆಟ-ಓಟ ಕಡಿಮೆ ಆಯ್ತಾ? ನಾಲ್ಕಕ್ಕೂ ಇಲ್ಲ ಅಂದರೆ ಸರಿಯಿದೆ. ಮೂರಕ್ಕೆ ಹೌದು ಅಂದರೆ ಹಿಡಿತ ತಪ್ಪಿದೆ.

"ಚಟ" ವಿಷಯ. ಲೆಕ್ಕ ನೋಡಿ: ಸಾಲ್ಬುಟಮಾಲ್ ಗುಳಿಗೆ 4 ಮಿಲಿಗ್ರಾಂ, ಅಂದರೆ 4,000 ಮೈಕ್ರೋಗ್ರಾಂ. ಪಂಪಿನ ಎರಡು ಒತ್ತು 200 ಮೈಕ್ರೋಗ್ರಾಂ. ಇಪ್ಪತ್ತು ಪಟ್ಟು ಔಷಧಿ ನುಂಗಿ, ಅರ್ಧ ಗಂಟೆ ಕಾದು, ಕೈನಡುಕ, ಎದೆಬಡಿತ ಬೇರೆ. ಪ್ರೆಡ್ನಿಸೊಲೋನ್ 10 ಮಿಲಿಗ್ರಾಂ ಗುಳಿಗೆ ಒಂದರಲ್ಲಿ 10,000 ಮೈಕ್ರೋಗ್ರಾಂ ಸ್ಟಿರಾಯ್ಡ್ ಇದೆ. ಹುಡುಗಿಯ ದಿನದ ಪುಡಿ 200 ಮೈಕ್ರೋಗ್ರಾಂ. ಎರಡೂ ಒಂದೇ ಸ್ಟಿರಾಯ್ಡ್ ಅಲ್ಲ, ಹಾಗಾಗಿ ನೇರ ತೂಕ ಹಾಕಬಾರದು, ಆದರೂ ಅಂದಾಜು ಸಿಗುತ್ತದೆ. ಅಪ್ಪಯ್ಯನವರ ಗುಳಿಗೆ ಚೀಟಿ ತಿರುಗಿಸಿ ಓದಿ. ಪ್ರೆಡ್ನಿಸೊಲೋನ್, ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್ ಅಂತಿದ್ದು ವಾರಗಟ್ಟಲೆ ತೆಗೆದುಕೊಂಡಿದ್ದರೆ ಥಟ್ಟನೆ ನಿಲ್ಲಿಸುವುದೂ ಅಪಾಯ, ಡಾಕ್ಟರಿಗೆ ತೋರಿಸಿ ಇಳಿಸಿಕೊಳ್ಳಿ.

ಮಕ್ಕಳ ಎತ್ತರದ ಪ್ರಶ್ನೆಯನ್ನು ಎಲ್ಲ ತಾಯಂದಿರೂ ಕೇಳುತ್ತಾರೆ. ದಿನಾ ಎಳೆಯುವ ಸ್ಟಿರಾಯ್ಡಿನಿಂದ ಸರಾಸರಿ ಸುಮಾರು 1 ಸೆಂ.ಮೀ. ಕಡಿಮೆ ಆಗಬಹುದು. ಉಬ್ಬಸವನ್ನು ಹಾಗೇ ಬಿಟ್ಟರೂ ಬೆಳವಣಿಗೆ ಕುಂಠಿತವಾಗುತ್ತದೆ.

ಈಗ ರೋಟಾಹೇಲರ್. ನೆಟ್ಟಗೆ ಹಿಡಿದು, ಕ್ಯಾಪ್ಸೂಲಿನ ಪಾರದರ್ಶಕ ತುದಿ ಕೆಳಗೆ ಬರುವಂತೆ ಚೌಕ ತೂತಿಗೆ ಒತ್ತಿ, ಮೇಲ್ಮಟ್ಟಕ್ಕೆ ಸಮ ಆಗುವವರೆಗೆ. ಬುಡ ತಿರುಗಿಸಿದರೆ ಒಳಗೆ ಕ್ಯಾಪ್ಸೂಲು ಎರಡಾಗುತ್ತದೆ. ಮುಖ ಆಚೆ ತಿರುಗಿಸಿ ಉಸಿರು ಬಿಡಿಸಿ. ಸಾಧನದೊಳಗೆ ಊದಿದರೆ ಬಾಯಿಯ ಪಸೆಗೆ ಪುಡಿ ಅಂಟಿ ಹೋಯಿತು. ಆಮೇಲೆ ತುಟಿ ಬಿಗಿದು ಜೋರಾಗಿ, ಆಳವಾಗಿ ಎಳೆಯಬೇಕು. 10 ಸೆಕೆಂಡು ಹಿಡಿದಿಡಬೇಕು. ತೆರೆದು ನೋಡಿ, ಪುಡಿ ಉಳಿದಿದ್ದರೆ ಇನ್ನೊಮ್ಮೆ. ಪಂಪಿನದು ತದ್ವಿರುದ್ಧ: ನಿಧಾನಕ್ಕೆ ಎಳೆಯಬೇಕು. ಎರಡೂ ಬಳಸುವವರು ಇಲ್ಲೇ ಗೊಂದಲ ಮಾಡಿಕೊಳ್ಳುತ್ತಾರೆ. ಪಂಪನ್ನು ಜೋರಾಗಿ ಎಳೆದರೆ ಔಷಧಿ ಗಂಟಲ ಹಿಂಭಾಗಕ್ಕೆ ಬಡಿದು ಅಲ್ಲೇ ಕೂರುತ್ತದೆ, ರೋಟಾಹೇಲರನ್ನು ಮೆಲ್ಲಗೆ ಎಳೆದರೆ ಪುಡಿ ಏಳುವುದೇ ಇಲ್ಲ.

9 ವರ್ಷದ ಹುಡುಗಿಗೆ ಪಂಪನ್ನು ಸ್ಪೇಸರ್ (ಪಂಪಿಗೂ ಬಾಯಿಗೂ ನಡುವೆ ಇಡುವ ಪ್ಲಾಸ್ಟಿಕ್ ಕೊಳವೆ) ಹಾಕಿಯೇ ಕೊಡಿ. ಹೊಸ ಪಂಪು ಅಥವಾ ಒಂದೆರಡು ವಾರ ಮುಟ್ಟದ ಪಂಪು ಆದರೆ ಮೊದಲು ಎರಡು-ನಾಲ್ಕು ಒತ್ತು ಗಾಳಿಗೆ ಬಿಡಬೇಕು. ಕುಲುಕಿ, ಸ್ಪೇಸರಿಗೆ ಸಿಕ್ಕಿಸಿ, ಒಂದು ಒತ್ತು, ಐದಾರು ಸಹಜ ಉಸಿರು. ಮತ್ತೆ ಕುಲುಕಿ ಎರಡನೆಯದು. ಒಟ್ಟಿಗೆ ಎರಡು ಒತ್ತಿದರೆ ಹನಿಗಳು ಒಂದಕ್ಕೊಂದು ಸೇರಿ ದಪ್ಪವಾಗಿ ಗೋಡೆಗೆ ಅಂಟುತ್ತವೆ. ಸ್ಪೇಸರನ್ನು ತಿಂಗಳಿಗೊಮ್ಮೆ ಉಗುರುಬೆಚ್ಚಗಿನ ಸೋಪು ನೀರಲ್ಲಿ ಅದ್ದಿ, ಹಾಗೇ ನೀರು ಬಸಿದು ಒಣಗಲು ಬಿಡಿ. ಬಟ್ಟೆಯಲ್ಲಿ ಒರೆಸಿ ಫಳಫಳ ಮಾಡಿದಿರೋ, ಪ್ಲಾಸ್ಟಿಕ್ಕಿಗೆ ಸ್ಥಿರವಿದ್ಯುತ್ ಏರಿ ಔಷಧಿಯನ್ನೆಲ್ಲ ಅದೇ ಹೀರಿಕೊಳ್ಳುತ್ತದೆ.

ಬುಡೆಸೊನೈಡ್ ಆದ ಮೇಲೆ ಪ್ರತಿ ಸಲ ಬಾಯಿ ಮುಕ್ಕಳಿಸಿ ಉಗುಳಬೇಕು. ಇಲ್ಲದಿದ್ದರೆ ನಾಲಗೆ ಮೇಲೆ ಬಿಳಿ ಹುಣ್ಣು, ಗಂಟಲು ಒಡೆದ ದನಿ. ಹಲ್ಲುಜ್ಜುವ ಮುಂಚೆ ತೆಗೆದುಕೊಂಡರೆ ಮರೆಯುವುದೂ ಇಲ್ಲ.

ಇನ್ನು ನಮ್ಮ ಹವೆಯ ತಾಪತ್ರಯ. ಕರಾವಳಿ-ಘಟ್ಟದ ಮಳೆಗಾಲದಲ್ಲಿ ಕ್ಯಾಪ್ಸೂಲು ಪಸೆ ಹಿಡಿದು ಮೆತ್ತಗಾಗುತ್ತದೆ, ಸರಿಯಾಗಿ ಒಡೆಯುವುದಿಲ್ಲ, ಪುಡಿ ಗಂಟು ಕಟ್ಟುತ್ತದೆ. ಡಬ್ಬಿಯೊಳಗಿನ ಪಸೆ ಹೀರುವ ಪುಟ್ಟ ಚೀಲ ಬಿಸಾಡಬೇಡಿ. ಬೇಕಾದ ಒಂದನ್ನು ತೆಗೆದು ಕೂಡಲೇ ಮುಚ್ಚಳ ಬಿಗಿಯಿರಿ. ರೋಟಾಹೇಲರ್ ತೊಳೆದರೆ ಪೂರ್ತಿ ಒಣಗುವವರೆಗೆ ಕ್ಯಾಪ್ಸೂಲು ಹಾಕಬೇಡಿ. ಮಳೆಗಾಲದಲ್ಲಿ ಒಂದು ದಿನ ಸಾಲದು, ಎರಡನೇ ಸಾಧನ ಇಟ್ಟುಕೊಳ್ಳಿ, ದೊಡ್ಡ ಖರ್ಚೇನಲ್ಲ.

—

ಸೋಗೆಮನೆ:

ಕ್ಯಾಪ್ಸೂಲ್ ಡಬ್ಬಿ ಬಚ್ಚಲ ಗೂಡಿನಲ್ಲೇ ಇತ್ತು ಮಾರಾಯ್ರೆ, ಈಗ ತೆಗೆದೆ. ಪಂಪು ಖಾಲಿಯಾ ಅಂತ ನೀರಲ್ಲಿ ತೇಲಿಸಿ ನೋಡ್ತಾರಲ್ಲ, ಸರಿಯಾ?

—

ಮದ್ದಿನಂಗಡಿ_ಕುಮಟಾ:

ತಪ್ಪು. ಔಷಧಿ ಮುಗಿದ ಮೇಲೂ ತಳ್ಳುವ ಅನಿಲ ಉಳಿದಿರುತ್ತದೆ, ಫುಸ್ಸೆನ್ನುತ್ತದೆ, ತೇಲುವುದೂ ಒಂದೇ ಥರ ಇರುವುದಿಲ್ಲ. ಮೇಲಿಂದ ಮೂತಿಗೆ ನೀರು ಹೋಗಿ ಕಟ್ಟುತ್ತದೆ. ಎಣಿಕೆ ತೋರಿಸುವ ಪಂಪು ಕೇಳಿ ತಗೊಳ್ಳಿ. ಇಲ್ಲದಿದ್ದರೆ 200 ಒತ್ತಿನ ಪಂಪಿಗೆ ಶುರು ಮಾಡಿದ ತಾರೀಕು ಚೀಟಿ ಅಂಟಿಸಿ. ವರ್ಷಕ್ಕೆ ಮೂರು ಸಾಲ್ಬುಟಮಾಲ್ ಪಂಪು ಖಾಲಿಯಾದರೆ ಅದೇ ಎಚ್ಚರಿಕೆ ಗಂಟೆ. ತಿಂಗಳಿಗೊಂದು ಅಂದರೆ ಜೀವಕ್ಕೆ ಅಪಾಯದ ಸಾಲು. ದೊಡ್ಡವರಿಗೆ ಸಾಲ್ಬುಟಮಾಲ್ ಒಂದನ್ನೇ ಕೊಡಬಾರದು ಅಂತ 2019ರಿಂದಲೇ ಅಂತಾರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತಿದೆ. ಬುಡೆಸೊನೈಡ್-ಫಾರ್ಮೊಟೆರಾಲ್ ಕೂಡಿದ ಒಂದೇ ಪಂಪನ್ನು ದಿನಕ್ಕೂ ತುರ್ತಿಗೂ ಬಳಸುವ ಕ್ರಮ ಈಗ ಹೆಚ್ಚು. ಅಪ್ಪಯ್ಯನವರದು ಅಸ್ತಮಾವೇ ಅಂತ ಖಾತ್ರಿಯಾದರೆ ಡಾಕ್ಟರಿಗೆ ಅದನ್ನು ಕೇಳಿ.

—

ಹೊಗೆಗೂಡು:

ಮನೆ ವಿಷಯ ನಾನು ಹೇಳ್ತೆ.

ಗೋಬರ್ ಗ್ಯಾಸಿನ ವಿಷಯದಲ್ಲಿ ಶಿರಸಿ ಸೀಮೆ ದೇಶಕ್ಕೇ ಮಾದರಿ ಅಂತ ಅಧ್ಯಯನ ಮಾಡಿ ಬರೆದಿದ್ದಾರೆ. ಅಡುಗೆಮನೆ ಹೊಗೆ ಹೋಯ್ತು, ಸರಿ. ಬಚ್ಚಲ ಹಂಡೆ ಒಲೆ ಮಾತ್ರ ಎಲ್ಲರ ಮನೇಲೂ ಹಾಗೇ ಉಳೀತು. ಅದಕ್ಕೆ ಹಾಕೋದೇನು? ಅಡಿಕೆ ಸಿಪ್ಪೆ, ಸೋಗೆ, ಹಾಳೆ, ದರಕು (ಒಣಗಿದ ಎಲೆ). ಮಳೆಗಾಲದಲ್ಲಿ ಎಲ್ಲ ಅರೆಹಸಿ. ಉರಿಗಿಂತ ಹೊಗೆ ಜಾಸ್ತಿ. ಹುಡುಗಿ ಅದೇ ಹೊಗೆಯಲ್ಲಿ ಬಾಗಿಲು ಹಾಕಿ ಮೀಯ್ತಾಳೆ. ನನ್ನ ಕೇಳಿದರೆ ಮೊದಲ ಖರ್ಚು ಇಲ್ಲೇ. ಒಲೆಬಾಯಿ ಹೊರಗೋಡೆಯ ಆಚೆ ಬರುವ ಹಾಗೆ ತಿರುಗಿಸಿ ಕಟ್ಟಿಸಿ, ಮಾಡು ದಾಟುವ ಹೊಗೆಗೊಳವೆ ಹಾಕಿಸಿ. ಭಾರತೀಯ ವಿಜ್ಞಾನ ಸಂಸ್ಥೆಯವರ ಅಸ್ತ್ರ ಒಲೆಯ ಗುಟ್ಟೂ ಇದೇ: ಉರಿಗೆ ಬೇಕಾದಷ್ಟೇ ಗಾಳಿ, ಹೊಗೆಗೆ ಕೊಳವೆ. ಕೊಳವೆಯ ಮಸಿ ಆಗಾಗ ತೆಗೀದಿದ್ದರೆ ಹೊಗೆ ಮತ್ತೆ ಒಳಗೇ ತಿರುಗ್ತದೆ. ಅಲ್ಲಿವರೆಗೆ, ನೀರು ಕಾದು ಒಲೆ ಆರಿ ಅರ್ಧ ತಾಸಿನ ಮೇಲೆ ಅವಳು ಮೀಯಲಿ. ಸೊಳ್ಳೆ ಬತ್ತಿ, ಅಗರಬತ್ತಿ, ಲೋಬಾನ ಯಾವುದೂ ಮಲಗೋ ಕೋಣೆಗೆ ಬೇಡ, ಸೊಳ್ಳೆಪರದೆ ಕಟ್ಟಿ.

ಎರಡನೇದು ಕೋಣೆಯೊಳಗೆ ಹಗ್ಗ ಕಟ್ಟಿ ಬಟ್ಟೆ ಒಣಗಿಸೋದು. ಆ ನೀರೆಲ್ಲ ಗಾಳಿಗೆ ಸೇರಿ, ಗೋಡೆಯ ಮೂಲೆಗೆ, ಕಪಾಟಿನ ಹಿಂದೆ ಬೂಷ್ಟಾಗ್ತದೆ. ಧೂಳುಹುಳಕ್ಕೂ ಹಬ್ಬ. ಕಣ್ಣಿಗೆ ಕಾಣದ ಆ ಹುಳ ಗಾಳಿಯ ತೇವ ಶೇ. 50ಕ್ಕಿಂತ ಇಳಿದರೆ ಸಾಯ್ತದೆ ಅಂತ ಪುಸ್ತಕದಲ್ಲಿದೆ. ವರ್ಷಕ್ಕೆ 3,000 ಮಿ.ಮೀ. ಮಳೆ ಕಾಣುವ ಕರಾವಳಿಯಲ್ಲಾಗಲಿ ನಿಮ್ಮ ಘಟ್ಟದ ಅಂಚಿನಲ್ಲಾಗಲಿ ಜುಲೈ ತಿಂಗಳಲ್ಲಿ ಶೇ. 50 ಅಂದರೆ ನಗು ಬರ್ತದೆ. ಹಾಗಾಗಿ ಹುಳ ಪೂರ್ತಿ ನಿರ್ಮೂಲ ಮಾಡೋ ಹಟ ಬಿಡಿ, ಅದರಿಂದ ಆಗುವ ಲಾಭವೂ ಸಾಧಾರಣವೇ. ಮಾಡಬಹುದಾದ್ದು: ಬಟ್ಟೆ ಒಣಗಿಸಲು ಜಗುಲಿ, ಕೋಣೆ ಬೇಡ. ಹಾಸಿಗೆ ಗೋಡೆಯಿಂದ ಒಂದು ಗೇಣು ಈಚೆ. ಕಂಬಳಿ ಬದಲು ತೊಳೆಯಲು ಬರುವ ಹೊದಿಕೆ. ದಿಂಬಿನ ಚೀಲ, ಹೊದಿಕೆ ವಾರಕ್ಕೊಮ್ಮೆ 60 ಡಿಗ್ರಿ ಬಿಸಿನೀರಲ್ಲಿ. ಹತ್ತಿ ಹಾಸಿಗೆಗೆ ಜಿಪ್ಪಿರುವ ದಟ್ಟ ನೇಯ್ಗೆಯ ಕವರು.

ಬೂಷ್ಟನ್ನು ಒಣಪೊರಕೆಯಲ್ಲಿ ಕೆರೆದರೆ ಬೀಜಕಣ ಮನೆಯೆಲ್ಲ ಹಾರ್ತದೆ. ಸೋಪು ನೀರಿನ ಒದ್ದೆ ಬಟ್ಟೆಯಲ್ಲಿ ಒರೆಸಿ, ಕಿಟಕಿ ತೆಗೆದು, ಹುಡುಗಿ-ಅಪ್ಪಯ್ಯ ಇಬ್ಬರನ್ನೂ ಹೊರಗೆ ಕಳಿಸಿ. ಬ್ಲೀಚಿಂಗ್ ಪೌಡರ್ ಘಾಟು ತಾನೇ ಉಬ್ಬಸ ಕೆರಳಿಸ್ತದೆ. ಮಾಡು ಸೋರೋದು ನಿಲ್ಲಿಸದೆ ಎಷ್ಟು ಒರೆಸಿದರೂ ಹದಿನೈದು ದಿನಕ್ಕೆ ಮತ್ತೆ ಬಂತು.

ಕೊನೆಕೊಯ್ಲಾದ ಮೇಲೆ ಬೇರೆ ಕಥೆ. ಚಾಲಿ (ಒಣಗಿಸಿದ ಅಡಿಕೆ) ಸುಲಿಯುವ ಯಂತ್ರದ ಧೂಳು, ಮೆತ್ತಿನ ಮೇಲೆ ಒಟ್ಟಿದ ಹುಲ್ಲು, ಕೊಟ್ಟಿಗೆಗೆ ಹಾಸೋ ದರಕು ಗುಡಿಸೋದು, ಈ ಮೂರಕ್ಕೂ ಅಪ್ಪಯ್ಯ ಹೋಗೋದು ಬೇಡ. ಹೋಗಲೇಬೇಕಾದರೆ ಎನ್95 ಮುಖಗವಸು. ಟವೆಲ್ಲು ಕಟ್ಟಿದರೆ ಸೂಕ್ಷ್ಮ ಧೂಳು ನಿಲ್ಲೋದಿಲ್ಲ.

ಮತ್ತೆ ಕವಳ. ಅಡಿಕೆ ಬೆಳೆಯೋ ನಾವೇ ಹೇಳಬೇಕಾದ ಮಾತು: ಅಡಿಕೆಯ ಅರೆಕೋಲಿನ್ ಉಸಿರ್ನಾಳ ಬಿಗಿಮಾಡುವ ನರದ ಗುಂಡಿಯನ್ನೇ ಒತ್ತುವ ವಸ್ತು. ಅಡಿಕೆ ಜಗಿದು ಅಸ್ತಮಾ ಹೆಚ್ಚಾದ ವರದಿಗಳು 1990ರ ದಶಕದಲ್ಲೇ ಬಂದಿವೆ. ಎಲ್ಲರಿಗೂ ಹಾಗಾಗೋದಿಲ್ಲ. ಎರಡು ವಾರ ಬಿಟ್ಟು ಪೀಕ್ ಫ್ಲೋ ಬರೆದು ನೋಡಿದರೆ ಅವರದೇ ಲೆಕ್ಕ ಸಿಗ್ತದೆ.

—

ಕಾಳಿತೀರ (ಕಾರವಾರ):

ಕರಾವಳಿ ಕಡೆಯವರಿಗೆ ಒಂದು ಸೇರಿಸುವೆ. ಸಿಗಡಿ ಸುಲಿಯುವ, ಏಡಿ ಬೇಯಿಸುವ ಶೆಡ್ಡಿನ ಆವಿ, ಒಣಸಿಗಡಿ ಜರಡಿ ಹಿಡಿಯುವಾಗಿನ ಪುಡಿ, ಇವು ಗಾಳಿಯ ಮೂಲಕವೇ ಅಸ್ತಮಾ ತರಬಲ್ಲವು. ತಿಂದು ಏನೂ ಆಗದವರಿಗೂ ಉಸಿರಿನಿಂದ ಆಗಬಹುದು. ಗುರುತು ಹಿಡಿಯುವುದು ಸುಲಭ: ಜೂನ್-ಜುಲೈ ಮೀನುಗಾರಿಕೆ ನಿಷೇಧದ 61 ದಿನ ಕೆಲಸವಿಲ್ಲದಾಗ, ಮಳೆಗಾಲವಾದರೂ ದಮ್ಮು ಕಡಿಮೆಯಿದ್ದು ಆಗಸ್ಟಿನಲ್ಲಿ ಮತ್ತೆ ಎದ್ದರೆ ಕಾರಣ ಕೆಲಸದಲ್ಲೇ ಇದೆ.

ಅಪ್ಪಯ್ಯನವರಿಗೆ ಮೈಕೈ ನೋವಿಗೆ ಅಂಗಡಿಯಿಂದ ಡಿಕ್ಲೋಫೆನಾಕ್, ಐಬುಪ್ರೊಫೇನ್, ಆಸ್ಪಿರಿನ್ ತರುವ ಮುಂಚೆ ಡಾಕ್ಟರಿಗೆ ಕೇಳಿ. ಕೆಲವರಲ್ಲಿ, ಅದರಲ್ಲೂ ಮೂಗಿನೊಳಗೆ ಮಾಂಸ ಬೆಳೆದವರಲ್ಲಿ, ಉಬ್ಬಸ ಎಬ್ಬಿಸಲು ಒಂದು ಗುಳಿಗೆ ಸಾಕು. ಕಣ್ಣಿನ ಒತ್ತಡಕ್ಕೆ ಹಾಕುವ ಟಿಮೊಲಾಲ್ ಹನಿಯೂ ಹಾಗೇ.

—

ಶ್ವಾಸನೋಟ:

ರಾತ್ರಿಯ ವಿಷಯ ಬಾಕಿ ಇದೆ. ನೆಬ್ಯುಲೈಸರ್ ಬೇಡ. ಸ್ಪೇಸರ್ ಮೂಲಕ 4ರಿಂದ 10 ಒತ್ತು ಅಷ್ಟೇ ಕೆಲಸ ಮಾಡುತ್ತದೆ, ಅದಕ್ಕೆ ಕರೆಂಟು ಬೇಡ. ಕರೆಂಟು ಹೋಗಿ ಮೂರು ದಿನ ಬರದ ಊರಿನಲ್ಲಿ ಇದೇ ಭದ್ರ.

ಹುಡುಗಿಯ ಚೆನ್ನಾಗಿರುವ ದಿನದ ಗರಿಷ್ಠ ಪೀಕ್ ಫ್ಲೋ 250 ಅಂದುಕೊಳ್ಳಿ. 200ರ ಮೇಲಿದ್ದರೆ ಹಸಿರು. 125ರಿಂದ 200ರ ನಡುವೆ ಹಳದಿ: ಸಾಲ್ಬುಟಮಾಲ್ ಕೊಟ್ಟು, ಡಾಕ್ಟರು ಮೊದಲೇ ಬರೆದುಕೊಟ್ಟ ಹಾಗೆ ಮುಂದುವರಿಯಿರಿ, ಮೂರು-ನಾಲ್ಕು ತಾಸಿನೊಳಗೆ ಮತ್ತೆ ಬೇಕಾದರೆ ಅದೇ ದಿನ ತೋರಿಸಿ. 125ರ ಕೆಳಗೆ ಕೆಂಪು.

ಮೀಟರ್ ಇಲ್ಲದೆಯೂ ಕೆಂಪು ಗೊತ್ತಾಗುತ್ತದೆ. ಒಂದು ವಾಕ್ಯ ಮುಗಿಸಲಾಗದೆ ಎರಡು ಪದಕ್ಕೊಮ್ಮೆ ನಿಲ್ಲುವುದು, ಪಕ್ಕೆಲುಬಿನ ನಡುವೆ, ಗಂಟಲ ಗುಳಿಯಲ್ಲಿ ಚರ್ಮ ಒಳಕ್ಕೆ ಎಳೆಯುವುದು, ತುಟಿ ನೀಲಿ, ಮಂಪರು. ಮಗು ಸುಸ್ತಾಗಿ ಸುಂಯ್ ಸದ್ದು ನಿಂತುಹೋದರೆ ಗುಣವಾಯಿತೆಂದು ಮೋಸ ಹೋಗಬೇಡಿ. ಸಿಳ್ಳೆ ಹಾಕಲಿಕ್ಕೂ ಗಾಳಿ ಹೋಗುತ್ತಿಲ್ಲ ಅಂತ ಅರ್ಥ.

ಆಗ ಮಲಗಿಸಬೇಡಿ, ಕೂರಿಸಿ, ಸ್ವಲ್ಪ ಮುಂದಕ್ಕೆ ಬಾಗಿಸಿ. ಒಂದೊಂದೇ ಒತ್ತಿನಂತೆ 4 ಒತ್ತು, ಪ್ರತಿ ಒತ್ತಿಗೆ ನಾಲ್ಕಾರು ಉಸಿರು. 4 ನಿಮಿಷ ನೋಡಿ, ಮತ್ತೆ 4. ಕೆಂಪು ಲಕ್ಷಣ ಕಂಡ ಗಳಿಗೆಯಲ್ಲೇ ಒಬ್ಬರು 108ಕ್ಕೆ ಫೋನ್ ಹಚ್ಚಲಿ, ಗುಣ ನೋಡಿ ಆಮೇಲೆ ಅನ್ನಬೇಡಿ. ನಿಮ್ಮಲ್ಲಿ ಗಂಟೆ ಬೇಕು ಅಂದರೆ ಯಾರ ಜೀಪು, ಕೀಲಿ ಎಲ್ಲಿ, ನೆಟ್‌ವರ್ಕ್ ಸಿಗುವ ಜಾಗ ಯಾವುದು ಅನ್ನುವುದು ಮೇ ತಿಂಗಳಲ್ಲೇ ತೀರ್ಮಾನ ಆಗಿರಬೇಕು. ಪೇಟೆ ಕಡೆಯಿಂದ ಆಂಬ್ಯುಲೆನ್ಸ್ ಎದುರು ಬರಲಿ, ನೀವೂ ಹೊರಡಿ. ದಾರಿಯಲ್ಲೂ ಪಂಪು ನಿಲ್ಲಿಸಬೇಡಿ. ಮೊದಲ ಗಂಟೆಯಲ್ಲಿ 20 ನಿಮಿಷಕ್ಕೊಮ್ಮೆ 4ರಿಂದ 10 ಒತ್ತು ಕೊಡಬಹುದು. ಕೈ ನಡುಗೀತು, ಎದೆ ಬಡಿದೀತು, ಹೆದರಬೇಡಿ. ಕೆಮ್ಮಿನ ಸಿರಪ್ಪು, ನಿದ್ದೆ ಬರಿಸುವ ಔಷಧಿ, ಬಿಸಿನೀರಿನ ಹಬೆ ಬೇಡ. ಹಬೆ ಹಿಡಿಸಲು ಹೋಗಿ ಮಕ್ಕಳ ಮೈ ಸುಡುವುದೇ ಹೆಚ್ಚು.

ಶಾಲೆಗೂ ಒಂದು ಪಂಪು, ಒಂದು ಸ್ಪೇಸರ್ ಕೊಡಿ. ಮುಖ್ಯೋಪಾಧ್ಯಾಯರ ಕಪಾಟಿಗೆ ಬೀಗ ಹಾಕಿ ಇಡುವುದಾದರೆ ಕೊಟ್ಟೂ ಪ್ರಯೋಜನವಿಲ್ಲ, ತರಗತಿಯಲ್ಲೇ ಕೈಗೆ ಸಿಗಬೇಕು. ಆಟ ಬಿಡಿಸಬೇಡಿ. ಹತ್ತು ನಿಮಿಷ ಮೈ ಬಿಸಿ ಮಾಡಿಕೊಂಡು ಓಡಲಿ.

—

ಸೋಗೆಮನೆ:

ನಾಳೆ ಪೇಟೆಗೆ ಹೋಗ್ತೆ. ಸ್ಪೇಸರ್ ಒಂದೇ ಸಿಕ್ಕರೆ ಶಾಲೆಗೆ ಏನು ಮಾಡ್ಲಿ?

—

ಮದ್ದಿನಂಗಡಿ_ಕುಮಟಾ:

ಬರುವವರೆಗೆ 500 ಮಿ.ಲೀ. ನೀರಿನ ಬಾಟಲಿ ಸಾಕು. ದಕ್ಷಿಣ ಆಫ್ರಿಕಾದಲ್ಲಿ ಮಕ್ಕಳ ಮೇಲೆ ಪರೀಕ್ಷಿಸಿದ್ದಾರೆ, ಅಂಗಡಿಯದಕ್ಕೆ ಸಮ ಬಂದಿದೆ. ಪಂಪಿನ ಮೂತಿಯ ಆಕಾರಕ್ಕೆ ತಂತಿ ಬಗ್ಗಿಸಿ, ಕಾಯಿಸಿ, ಬಾಟಲಿಯ ತಳಕ್ಕೆ ಒತ್ತಿದರೆ ಅಳತೆಗೆ ಸರಿಯಾದ ತೂತು ಬೀಳುತ್ತದೆ. ಮೂತಿ ಬಿಗಿಯಾಗಿ ಕೂರಬೇಕು, ಸುತ್ತ ಸಂದು ಉಳಿದರೆ ಅಂಟು ಹಾಕಿ ಮುಚ್ಚಿ. ತೂತಿನ ಅಂಚು, ಒಳಗಿನ ಚೂರು ನೋಡಿ ತೆಗೆಯಿರಿ. ಸೋಪು ನೀರಲ್ಲಿ ಅದ್ದಿ, ಒರೆಸದೆ ಒಣಗಿಸಿ. ಬಾಟಲಿಯ ಕುತ್ತಿಗೆಗೆ ಬಾಯಿಟ್ಟು, ಒಂದು ಒತ್ತು, ಒಳಗೇ ಐದಾರು ಸಲ ಉಸಿರಾಡಲಿ. ತಂತಿ ಕಾಯಿಸುವಾಗ ಪಂಪನ್ನು ಮಾತ್ರ ಒಲೆ ಹತ್ತಿರ ತರಬೇಡಿ, ಒಳಗಿರುವುದು ಒತ್ತಡದ ಅನಿಲ.